ಕೀ ಕೊಟ್ಟ ಮೇಲೂ ಕಾರು ನಿಮ್ಮದೇ

ಹರಪನಹಳ್ಳಿಯ ಹಳೇ ಪೇಟೆಯಲ್ಲಿ ಅಜ್ಜನ ಕಾಲದ ಮನೆಯೊಂದರಲ್ಲಿ ಇಂದಿಗೂ ವಾಸವಿರುವ ಯಾವ ಕುಟುಂಬವನ್ನಾದರೂ ತೆಗೆದುಕೊಳ್ಳಿ. ಅವರು ಎಲ್ಲಿಗೂ ಹೋದವರಲ್ಲ. ಆದರೂ ಅವರ ವಿಳಾಸ ಮಾತ್ರ ಊರೂರು ತಿರುಗಿದೆ. 1953ರ ಸೆಪ್ಟೆಂಬರ್ 30ರ ರಾತ್ರಿ ಅವರು ಮಲಗಿದ್ದು ಮದ್ರಾಸ್ ರಾಜ್ಯದಲ್ಲಿ, ಬೆಳಿಗ್ಗೆ ಎದ್ದದ್ದು ಮೈಸೂರು ರಾಜ್ಯದಲ್ಲಿ. 1973ರ ನವೆಂಬರ್ 1ಕ್ಕೆ ಅದೇ ರಾಜ್ಯ ಕರ್ನಾಟಕವಾಯಿತು. 1997ರ ಆಗಸ್ಟ್ 15ರಂದು ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಇಪ್ಪತ್ತು ವರ್ಷ ಕಳೆದ ಮೇಲೆ, 2018–19ರ ಹೊತ್ತಿಗೆ, ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ದೀರ್ಘ ಹೋರಾಟದ ಫಲವಾಗಿ ಮರಳಿ ಬಳ್ಳಾರಿಗೆ ಬಂತು. ಬಂದು ಕಾಲು ಚಾಚುವಷ್ಟರಲ್ಲಿ, 2021ರಲ್ಲಿ, ವಿಜಯನಗರ ಜಿಲ್ಲೆ ಹುಟ್ಟಿ ತಾಲ್ಲೂಕು ಅದರ ಪಾಲಾಯಿತು.

ಈ ಮನೆಯ ಮುಂದೆ ನಿಂತ ಕಾರಿನ ನೋಂದಣಿ ಸಂಖ್ಯೆ ಕೆಎ 17, ಅಂದರೆ ದಾವಣಗೆರೆಯದ್ದು. ಆರ್‌ಸಿಯಲ್ಲಿ ದಾವಣಗೆರೆ ಜಿಲ್ಲೆ ಎಂದೇ ಇದೆ. ಮಾಲೀಕರ ಆಧಾರ್‌ನಲ್ಲಿ ವಿಜಯನಗರ ಜಿಲ್ಲೆ. ಇದನ್ನು ಈಗ ಮಾರಬೇಕು ಎಂದು ಹೊರಟಾಗ ಎರಡು ಕಾಗದದ ನಡುವಿನ ಈ ಅಂತರ ಕಣ್ಣಿಗೆ ಬೀಳುತ್ತದೆ. ಮನೆ ಬದಲಿಸಿದವರು 30 ದಿನದೊಳಗೆ ಹೊಸ ವಿಳಾಸವನ್ನು ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 49ನೇ ಸೆಕ್ಷನ್ ಹೇಳುತ್ತದೆ. ಮನೆ ಇದ್ದಲ್ಲೇ ಇದ್ದು ಜಿಲ್ಲೆಯೇ ಬದಲಾದವರ ಬಗ್ಗೆ ಆ ಸೆಕ್ಷನ್ ತುಟಿ ಬಿಚ್ಚುವುದಿಲ್ಲ.

ಕೊಟ್ಟೂರಿನವರ ಕಥೆ ಸ್ವಲ್ಪ ಚಿಕ್ಕದು. ಬಹುಕಾಲ ಅದು ಕೂಡ್ಲಿಗಿ ತಾಲ್ಲೂಕಿನ ಪಟ್ಟಣ; 2018ರ ಹೊತ್ತಿಗೆ ತಾನೇ ತಾಲ್ಲೂಕಾಯಿತು. ಹೀಗಾಗಿ ಹತ್ತು ವರ್ಷ ಹಳೆಯ ಆರ್‌ಸಿಯಲ್ಲಿ ‘ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಎಂದಿದ್ದರೆ ಇಂದಿನ ಕಾಗದದಲ್ಲಿ ‘ಕೊಟ್ಟೂರು ತಾಲ್ಲೂಕು, ವಿಜಯನಗರ ಜಿಲ್ಲೆ’. ಓಣಿ ಮತ್ತು ಮನೆ ನಂಬರ್ ಬಿಟ್ಟರೆ ಉಳಿದದ್ದೆಲ್ಲ ಬೇರೆ. ಹೂವಿನ ಹಡಗಲಿಯ ಸಂತೆಗೆ ಹೋದರೆ ತುಂಗಭದ್ರೆ ದಾಟಿ ಬಂದ ಹಾವೇರಿಯ ಕೆಎ 27, ಗದಗಿನ ಕೆಎ 26 ಗಾಡಿಗಳು ಕಾಣುತ್ತವೆ. ಹಗರಿಬೊಮ್ಮನಹಳ್ಳಿಯ ಕಡೆ ಕೊಪ್ಪಳದ ಕೆಎ 37, ಕೂಡ್ಲಿಗಿಯಲ್ಲಿ ಚಿತ್ರದುರ್ಗದ ಕೆಎ 16, ಎಲ್ಲೆಲ್ಲೂ ಹೊಸಪೇಟೆಯ ಕೆಎ 35. ರಾಜ್ಯದೊಳಗೆ ಗಾಡಿ ಕೈ ಬದಲಾದರೆ ಸಂಖ್ಯೆ ಬದಲಾಗುವುದಿಲ್ಲ. ಅದಕ್ಕಾಗಿಯೇ ನಂಬರ್ ಪ್ಲೇಟ್ ನೋಡಿ ಮಾಲೀಕನ ಊರು ಹೇಳಲು ಹೋದವರು ಇಲ್ಲಿ ಸೋಲುತ್ತಾರೆ.

ಕಾರು ಮಾರುವುದೆಂದರೆ ವಸ್ತುವಿಗೆ ದುಡ್ಡು ತೆಗೆದುಕೊಳ್ಳುವುದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಸರ್ಕಾರದ ಪ್ರಶ್ನೆಯೇ ಬೇರೆ: ನೀವು ಯಾರು, ಎಲ್ಲಿದ್ದೀರಿ, ಕೊಳ್ಳುವವರು ಎಲ್ಲಿರುತ್ತಾರೆ? ಗಾಡಿಯ ನೋಂದಣಿ ಮಾಲೀಕನ ವಾಸಸ್ಥಳಕ್ಕೆ ಅಂಟಿಕೊಂಡ ವ್ಯವಹಾರ. 1988ರ ಕಾಯ್ದೆಯ ಮೂಲ ರೂಪದಲ್ಲಿ, ಮಾಲೀಕ ವಾಸಿಸುವ ಅಥವಾ ವ್ಯವಹಾರ ನಡೆಸುವ ವ್ಯಾಪ್ತಿಯ ಆರ್‌ಟಿಓ ಕಚೇರಿಯಲ್ಲೇ ನೋಂದಣಿ ಆಗಬೇಕಿತ್ತು. 2019ರ ತಿದ್ದುಪಡಿ ಅದನ್ನು ಸಡಿಲಿಸಿ ರಾಜ್ಯದ ಯಾವ ನೋಂದಣಿ ಕಚೇರಿಯಾದರೂ ಸರಿ ಎಂದಿತು. ದಾವಣಗೆರೆ ಹತ್ತಿರ, ಹೊಸಪೇಟೆ ದೂರ ಎಂದು ಗೊಣಗುವ ಹರಪನಹಳ್ಳಿಯವರಿಗೆ ಇದು ಸಣ್ಣ ಮಾತೇನಲ್ಲ. ಆದರೆ ವಿಳಾಸದ ದಾಖಲೆ ಬೇಕು ಎಂಬ ಷರತ್ತು ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ.

ವಾಸದ ದಾಖಲೆ ಅಂದರೆ ಏನು ಎಂದು ಈ ಐದು ತಾಲ್ಲೂಕಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂದ ಮೇಲೆ, ‘ನಾನು ಇಲ್ಲಿಯವನು’ ಎಂದು ತೋರಿಸುವ ಒಂದು ಹಾಳೆ ಸರ್ಕಾರಿ ನೌಕರಿಗೂ ವೈದ್ಯಕೀಯ ಸೀಟಿಗೂ ದಾರಿಯಾಯಿತು. ಅದಕ್ಕಾಗಿ ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಮಕ್ಕಳು, ಶಾಲೆಯ ದಾಖಲೆ ಹುಡುಕಿ ಹೈರಾಣಾದ ತಂದೆತಾಯಿಗಳು ಊರೂರಲ್ಲೂ ಇದ್ದಾರೆ. ಅಷ್ಟು ಜಾಗರೂಕತೆಯಿಂದ ಕಾಗದ ಕಾಪಾಡುವ ಇದೇ ಜನ, ಗಾಡಿ ಮಾರುವಾಗ ಮಾತ್ರ ಕೈ ಸಡಿಲ ಬಿಡುತ್ತಾರೆ.

ಅದರ ಹಿಂದೆ ಒಂದು ಹಳೆಯ ರೂಢಿ ಇದೆ. ಜಾತ್ರೆಯ ದನದ ವ್ಯಾಪಾರದಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸಿ, ಹಗ್ಗ ಕೈಗಿಟ್ಟರೆ ಎತ್ತು ಹೊಸ ಯಜಮಾನನದು. ಆಮೇಲೆ ಆ ಎತ್ತು ಯಾರ ಹೊಲ ಮೇಯ್ದರೂ ಹಳೆಯವನನ್ನು ಕೇಳುವವರಿಲ್ಲ. ಕಾರು, ಬೈಕು, ಟ್ರ್ಯಾಕ್ಟರ್‌ಗಳನ್ನೂ ಹೀಗೇ ಮಾರುವುದು ರೂಢಿಯಾಗಿದೆ: ದುಡ್ಡು ಎಣಿಸಿಕೊಂಡು, ಛಾಪಾ ಕಾಗದದ ಮೇಲೊಂದು ಕರಾರು ಬರೆಸಿ, ಫಾರಂ 29 ಮತ್ತು 30ಕ್ಕೆ ಖಾಲಿ ಇರುವಾಗಲೇ ಸಹಿ ಹಾಕಿ, ಕೀ ಕೊಟ್ಟುಬಿಡುವುದು. ಕೊಂಡವನು ‘ಮುಂದಿನ ವಾರ ಹೆಸರು ಮಾಡಿಸ್ಕೊಂತೀನಿ ಬಿಡಣ್ಣ’ ಎನ್ನುತ್ತಾನೆ. ಆ ವಾರ ಬರುವುದರೊಳಗೆ ಅವನು ಗಾಡಿಯನ್ನು ಇನ್ನೊಬ್ಬರಿಗೆ ದಾಟಿಸಿರುತ್ತಾನೆ. ಸಹಿಯಾದ ಖಾಲಿ ಫಾರಂಗಳೂ ಜೊತೆಗೇ ದಾಟುತ್ತವೆ.

ಕಾನೂನು ಇದನ್ನು ಮಾರಾಟ ಎಂದು ಪೂರ್ತಿ ಒಪ್ಪುವುದಿಲ್ಲ. 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಬೇರೆ ರಾಜ್ಯದವರಿಗೆ ಮಾರಿದ್ದರೆ 45 ದಿನ. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಫಾರಂ 29 ಮಾರಿದವರ ತಿಳಿವಳಿಕೆ ಪತ್ರ, ಫಾರಂ 30 ಇಬ್ಬರೂ ಸೇರಿ ಕೊಡುವ ಅರ್ಜಿ. ಬ್ಯಾಂಕಿನ ಸಾಲವಿದ್ದರೆ ಅದು ತೀರಿದ್ದನ್ನು ತೋರಿಸುವ ಫಾರಂ 35 ಬೇಕು. ಏಜೆಂಟರು ‘ಎಚ್‌ಪಿ ಕ್ಯಾನ್ಸಲ್’ ಎನ್ನುವುದು ಇದನ್ನೇ. ಇಷ್ಟಕ್ಕೂ ಹೆಸರು ಬದಲಾವಣೆಯ ಸರ್ಕಾರಿ ಶುಲ್ಕ ಬೈಕಿಗೆ 150 ರೂಪಾಯಿ, ಸ್ವಂತ ಬಳಕೆಯ ಕಾರಿಗೆ 300 ರೂಪಾಯಿ. ಜನ ಹೆದರುವುದು ಈ ಶುಲ್ಕಕ್ಕಲ್ಲ. ಅಲೆದಾಟಕ್ಕೆ, ಏಜೆಂಟರು ಹೇಳುವ ಮೊತ್ತಕ್ಕೆ.

ಹೆದರಬೇಕಾದದ್ದು ಬೇರೆಯದೇ ಇದೆ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿದ ಒಂದು ಪ್ರಕರಣವನ್ನು ಗಾಡಿ ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. ಒಬ್ಬರು 2007ರಲ್ಲಿ ತಮ್ಮ ಮಾರುತಿ ಕಾರನ್ನು ಮಾರಿದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೀಗೆ ಕಾರು ಕೈಯಿಂದ ಕೈಗೆ ಹೋಯಿತು. ಯಾರೂ ಹೆಸರು ಬದಲಾಯಿಸಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರು ರಿವರ್ಸ್ ಬರುವಾಗ ಒಬ್ಬ ಮಹಿಳೆಗೂ ಅವರ ಸಂಬಂಧಿಕನಿಗೂ ಗುದ್ದಿತು, ಆತ ತೀರಿಕೊಂಡ. ಕಾರಿಗೆ ವಿಮೆಯೂ ಇರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ನ್ಯಾಯಮಂಡಳಿ, ಹೈಕೋರ್ಟ್ ದಾಟಿ ದೆಹಲಿ ತಲುಪಿತು. ಕೋರ್ಟ್ ಹೇಳಿದ್ದು ಇಷ್ಟು: ಕಾಯ್ದೆಯ ದೃಷ್ಟಿಯಲ್ಲಿ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಸತ್ತವನ ಮನೆಯವರು ಕಾರು ಕೊಂಡವರ ಸರಪಳಿಯನ್ನು ಹುಡುಕುತ್ತ ಅಲೆಯಬೇಕೆಂದು ಕಾನೂನು ಬಯಸುವುದಿಲ್ಲ. ಎರಡು ವರ್ಷ ಹಿಂದೆ ಕಾರು ಮಾರಿ ಮರೆತಿದ್ದ ಮೊದಲ ಮಾಲೀಕರ ತಲೆಗೇ ಹೊಣೆ ಬಂತು.

ಇದು ಕಠಿಣ ಎನಿಸಬಹುದು. ಆದರೆ ಗುದ್ದಿಸಿಕೊಂಡವರ ಕಡೆಯಿಂದ ನೋಡಿದರೆ ಕೋರ್ಟ್ ಹಿಡಿದ ದಾರಿ ನ್ಯಾಯವಾದದ್ದೇ. ಆಸ್ಪತ್ರೆಯ ವಾರ್ಡಿನಲ್ಲಿ ಕೂತ ಮನೆಮಂದಿಗೆ ಸಿಗುವುದು ನಂಬರ್ ಪ್ಲೇಟಿನ ಮೇಲಿನ ಸಂಖ್ಯೆ ಒಂದೇ ಅಲ್ಲವೇ?

ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಭಾಗದ ಹಳ್ಳಿ, ತಾಂಡಾಗಳಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ದುಡಿಯಲು ಹೋಗುವವರು ಬಹಳ. ಹೊರಡುವ ಮುನ್ನ ಬೈಕು ಮಾರಿ ಕೈಸಾಲ ತೀರಿಸುವುದು ಸಾಮಾನ್ಯ. ಆಮೇಲೆ ಹೊಸ ಮಾಲೀಕ ಸಹಿಗೆಂದು ಹುಡುಕಿದರೆ ಹಳೆಯವನು ಊರಲ್ಲಿಲ್ಲ, ಮೊಬೈಲ್ ನಂಬರ್ ಬದಲಾಗಿದೆ. ಈಗ ವಾಹನ ಸೇವೆಗಳು ‘ವಾಹನ್’ ಜಾಲತಾಣಕ್ಕೆ ಬಂದು, ಓಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಬರುವುದರಿಂದ, ಆ ಹಳೆಯ ನಂಬರ್ ಕಳೆದರೆ ಕೆಲಸ ನಿಂತಂತೆಯೇ. ಇದರ ಮೇಲೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷತೆಯ ನೋಂದಣಿ ಫಲಕದ ಪ್ರಶ್ನೆ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳಿಗೆ ಅದನ್ನು ಕಡ್ಡಾಯ ಮಾಡಿ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಗಡುವು ಎಷ್ಟೋ ಬಾರಿ ಮುಂದಕ್ಕೆ ಹೋಯಿತು. ಹಳೆಯ ಗಾಡಿ ಮಾರುವವರು ಮೊದಲು ಆ ಫಲಕ ಹಾಕಿಸಿ ಆಮೇಲೆ ಹೆಸರು ಬದಲಾವಣೆಗೆ ಹೋಗುವುದೇ ವಾಸಿ.

ರಾಜ್ಯದ ಗಡಿ ದಾಟಿದ ಗಾಡಿಯ ಕಾಗದ ಇನ್ನೂ ದಪ್ಪ. ಬಳ್ಳಾರಿಯ ಆಚೆಯ ರಾಯದುರ್ಗ, ಆಲೂರು, ಆದೋನಿಗಳು 1953ರವರೆಗೆ ಈ ತಾಲ್ಲೂಕುಗಳ ಜೊತೆ ಒಂದೇ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದಾಗ ಅತ್ತ ಹೋದವು. ನಂಟಸ್ತಿಕೆ, ಸಂತೆ, ವ್ಯಾಪಾರ ನಿಲ್ಲಲಿಲ್ಲ. ಕಾರಿನ ಮೇಲಿನ ಜೀವಿತಾವಧಿ ತೆರಿಗೆ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾದ್ದರಿಂದ ಅತ್ತಲಿಂದ ಹಳೆಯ ಕಾರು ತರುವ ಆಸೆ ಸಹಜ. ಆದರೆ ಆಂಧ್ರದ ಕಾರನ್ನು ಕೊಟ್ಟೂರಿನಲ್ಲಿ ನಿಮ್ಮದೆನ್ನಿಸಿಕೊಳ್ಳಲು ಅಲ್ಲಿನ ಆರ್‌ಟಿಓ ಕಚೇರಿಯಿಂದ ಫಾರಂ 28ರಲ್ಲಿ ಎನ್‌ಓಸಿ ತರಬೇಕು, ಕಳವಿನ ಗಾಡಿಯಲ್ಲವೆಂದು ಖಾತ್ರಿಯಾಗಬೇಕು, ಕಾರಿನ ವಯಸ್ಸಿಗೆ ತಕ್ಕ ತೆರಿಗೆಯನ್ನು ಇಲ್ಲಿ ಕಟ್ಟಬೇಕು, ಫಾರಂ 27 ಕೊಟ್ಟು ಹೊಸ ಕೆಎ ಸಂಖ್ಯೆ ಪಡೆಯಬೇಕು. ಅಗ್ಗಕ್ಕೆ ಸಿಕ್ಕಿತೆಂದು ಬೀಗಿದವರು ತೆರಿಗೆಯ ಲೆಕ್ಕ ನೋಡಿ ತಣ್ಣಗಾಗುತ್ತಾರೆ.

ಹೊರರಾಜ್ಯದ ಗಾಡಿ ಇಲ್ಲಿ ಎಷ್ಟು ದಿನ ಓಡಬಹುದು ಎಂಬುದಕ್ಕೂ ಒಂದು ಜಗಳದ ಇತಿಹಾಸವಿದೆ. 47ನೇ ಸೆಕ್ಷನ್ 12 ತಿಂಗಳು ಎನ್ನುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ತನ್ನ ತೆರಿಗೆ ಕಾಯ್ದೆ ತಿದ್ದಿ, 30 ದಿನ ಮೀರಿದರೆ ಜೀವಿತಾವಧಿ ತೆರಿಗೆ ಕಟ್ಟಿ ಎಂದಿತು. ಬೆಂಗಳೂರಿನ ರಸ್ತೆಗಳಲ್ಲಿ ಹೊರರಾಜ್ಯದ ಕಾರುಗಳನ್ನು ತಡೆದು ನಿಲ್ಲಿಸಿದ್ದು ಆಗಲೇ. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗಾಗಿ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 15ರಿಂದ ಬಿಎಚ್ (ಭಾರತ್) ಸರಣಿಯ ನೋಂದಣಿ ತಂದದ್ದು ಇದೇ ತಲೆನೋವಿಗೆ ಮದ್ದೆಂದು.

ದೇಶದ ಗಡಿ ದಾಟಿದ ಕನ್ನಡಿಗರ ಪಾಡು ನೋಡಿದರೆ ನಮ್ಮ ಆರ್‌ಟಿಓ ಸಾಲು ಹಗುರ ಅನ್ನಿಸಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಊರಿಗೆ ಮರಳುವಾಗ ಕಾರನ್ನು ಅಲ್ಲೇ ಮಾರಲೇಬೇಕು. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ದುಬೈ, ರಿಯಾದ್, ದೋಹಾದ ಕಾರುಗಳಿಗೆ ಸ್ಟೀರಿಂಗ್ ಇರುವುದು ಎಡಗಡೆ. ಅಲ್ಲಿಗೆ ಆ ಮಾತು ಮುಗಿಯಿತು.

ಅಲ್ಲಿ ಮಾರುವುದಾದರೂ ಹೇಗೆ? ಸೌದಿಯಲ್ಲಿ ವಿದೇಶಿ ನೌಕರನ ಬದುಕೆಲ್ಲ ‘ಇಖಾಮಾ’ ಎಂಬ ವಾಸದ ಪರವಾನಗಿಯ ಮೇಲೆ ನಿಂತಿದೆ. ಕಾರಿನ ನೋಂದಣಿ ಪತ್ರಕ್ಕೆ ಅಲ್ಲಿ ‘ಇಸ್ತಿಮಾರಾ’ ಎನ್ನುತ್ತಾರೆ. ನೌಕರಿ ಮುಗಿಸಿ ಶಾಶ್ವತವಾಗಿ ಹೊರಡುವ ‘ಫೈನಲ್ ಎಕ್ಸಿಟ್’ ಬೇಕೆಂದರೆ ಆತನ ಹೆಸರಲ್ಲಿ ಒಂದೂ ವಾಹನ ಇರಕೂಡದು. ಅಂದರೆ ಕಾರು ಮಾರಿ, ‘ಅಬ್ಶರ್’ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಹೆಸರು ವರ್ಗವಾಗುವವರೆಗೆ ವಿಮಾನದ ಟಿಕೆಟ್ ಕೈಯಲ್ಲಿದ್ದರೂ ಹೊರಡಲಾಗದು. ಬಾಕಿ ದಂಡಗಳನ್ನೂ ತೀರಿಸಬೇಕು. ಹೊರಡುವ ದಿನ ಹತ್ತಿರವಾದಂತೆ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಮಾರುವವನ ಅವಸರ ಅವರಿಗೂ ಗೊತ್ತು.

ದುಬೈಯಲ್ಲಿ ಮಾರುವವರೂ ಕೊಳ್ಳುವವರೂ ಎಮಿರೇಟ್ಸ್ ಐಡಿ ತೋರಿಸಬೇಕು, ಕಾರು ತಾಂತ್ರಿಕ ಪರೀಕ್ಷೆ ದಾಟಬೇಕು, ಬ್ಯಾಂಕಿನ ಸಾಲ ತೀರಿರಬೇಕು. ‘ಮುಲ್ಕಿಯಾ’ ಎನ್ನುವ ನೋಂದಣಿ ಕಾರ್ಡನ್ನು ವರ್ಷವರ್ಷವೂ ನವೀಕರಿಸಬೇಕು. ವೀಸಾ ರದ್ದಾದ ಮೇಲೆ ಕಾರು ಮಾರಲು ಕೂತವರು ಕೊನೆಗೆ ಗೆಳೆಯನಿಗೆ ಅಧಿಕಾರಪತ್ರ ಬರೆದುಕೊಟ್ಟು ಹೊರಡುತ್ತಾರೆ. ಅನುಭವಸ್ಥರು ಹೊಸಬರಿಗೆ ಹೇಳುವ ಬುದ್ಧಿಮಾತು ಒಂದೇ: ವೀಸಾ ಜೀವಂತ ಇರುವಾಗಲೇ ಕಾರು ಬಿಡು.

ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ರೀತಿ ಬೇರೆ. ಬೇ ಏರಿಯಾದ ಕನ್ನಡ ಕುಟುಂಬ ಕಾರು ಮಾರುವಾಗ ‘ಟೈಟಲ್’ ಎಂಬ ಒಡೆತನದ ಪತ್ರಕ್ಕೆ ಸಹಿ ಮಾಡಿ ಕೊಟ್ಟು, 5 ದಿನದೊಳಗೆ ಸಾರಿಗೆ ಇಲಾಖೆಗೆ ‘ನನ್ನ ಹೊಣೆ ಮುಗಿಯಿತು’ ಎಂಬ ನೋಟಿಸ್ ಸಲ್ಲಿಸಬೇಕು. ಕೊಂಡವರು ಆಮೇಲೆ ಸೋಮಾರಿತನ ಮಾಡಿದರೂ ಪಾರ್ಕಿಂಗ್ ದಂಡ ಹಳೆಯವರ ಮನೆಗೆ ಬರದಂತೆ ಅದು ಕಾಯುತ್ತದೆ. ಬ್ರಿಟನ್ನಿನಲ್ಲಿ ಇನ್ನೊಂದು ವಿಚಿತ್ರ: ಅಲ್ಲಿನ ಕಾರಿನ ‘ಲಾಗ್ ಬುಕ್’ ಮೇಲೆ, ಇದು ಒಡೆತನಕ್ಕೆ ಪುರಾವೆ ಅಲ್ಲ ಎಂದೇ ಇರುತ್ತದೆ. ಅದರಲ್ಲಿರುವ ಹೆಸರು ಕಾರನ್ನು ಇಟ್ಟುಕೊಂಡವರದು, ಮಾಲೀಕರು ಬೇರೆಯವರೂ ಆಗಿರಬಹುದು. ನಮ್ಮಲ್ಲಿ ಆರ್‌ಸಿಯಲ್ಲಿ ಹೆಸರಿದ್ದರೆ ಮುಗಿಯಿತು, ಅವರೇ ಮಾಲೀಕರು.

ವಿದೇಶಿಯರು ನಮ್ಮ ಕಡೆ ಬಂದಾಗ ಏನು? ಹೊಸಪೇಟೆಯಿಂದ ಕೂಡ್ಲಿಗಿಯ ಮೇಲೆ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಆಗೊಮ್ಮೆ ಈಗೊಮ್ಮೆ ಯುರೋಪಿನ ಫಲಕದ ದೊಡ್ಡ ವ್ಯಾನುಗಳು ಕಾಣುತ್ತವೆ. ಹಂಪಿಗೆ ಬಂದು ದಕ್ಷಿಣಕ್ಕೆ ಇಳಿಯುವ ಪ್ರವಾಸಿಗಳು ಇವರು. ಅವರ ಗಾಡಿ ‘ಕಾರ್ನೆ’ ಎಂಬ ಅಂತರರಾಷ್ಟ್ರೀಯ ಕಸ್ಟಮ್ಸ್ ಪತ್ರದ ಮೇಲೆ ಒಳಗೆ ಬಂದಿರುತ್ತದೆ. ಗಾಡಿ ತಾತ್ಕಾಲಿಕವಾಗಿ ಬಂದಿದೆ, ಮತ್ತೆ ಹೊರಗೆ ಹೋಗಿಯೇ ತೀರುತ್ತದೆ ಎಂಬ ಖಾತರಿ ಅದು. ಕೈಯಲ್ಲಿ ಕಾಸು ಖಾಲಿಯಾಯಿತೆಂದು ಅದನ್ನು ಹೊಸಪೇಟೆಯ ಗ್ಯಾರೇಜಿನವರಿಗೆ ಮಾರಲು ಬರುವುದಿಲ್ಲ. ಮಾರಿದರೆ ಕಸ್ಟಮ್ಸ್ ಸುಂಕದ ಲೆಕ್ಕ ಎದ್ದು ನಿಲ್ಲುತ್ತದೆ, ಸುಂಕಕ್ಕೆ ಜಾಮೀನು ನಿಂತ ಆಟೋಮೊಬೈಲ್ ಸಂಘ ಅವರ ಠೇವಣಿ ಹಿಡಿಯುತ್ತದೆ.

ಇಲ್ಲೇ ಕೆಲಸಕ್ಕೆ ನೆಲೆಸಿ ಕಾರು ಕೊಂಡ ವಿದೇಶಿಯ ಮಾತು ಬೇರೆ. 180 ದಿನಕ್ಕಿಂತ ದೀರ್ಘ ವೀಸಾದ ಮೇಲೆ ಬಂದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕೆಂಬುದು ಬಹುಕಾಲದ ನಿಯಮ. ಬೆಂಗಳೂರಿನಲ್ಲಿ ಅದಕ್ಕೆ ಎಫ್‌ಆರ್‌ಆರ್‌ಓ ಇದೆ. ಜಿಲ್ಲೆಗಳಲ್ಲಿ ಎಸ್‌ಪಿಯವರಿಗೇ ಆ ಹೊಣೆ. ಅಲ್ಲಿ ಸಿಗುವ ವಾಸದ ಪರವಾನಗಿಯೇ ಅವರ ವಿಳಾಸದ ಸಾಕ್ಷಿ, ಕಾರು ಕೊಳ್ಳಲೂ ಮಾರಲೂ. 1939 ಮತ್ತು 1946ರ ಬ್ರಿಟಿಷ್ ಕಾಲದ ಕಾಯ್ದೆಗಳನ್ನು ತೆಗೆದು ತಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹಂಪಿಯ ಹೋಮ್‌ಸ್ಟೇ ನಡೆಸುವವರಿಗೆ ಇದರ ಒಂದು ಕೊನೆ ಚೆನ್ನಾಗಿ ಗೊತ್ತು: ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು.

ಎಲ್ಲಕ್ಕಿಂತ ಗೋಜಲು ಎನಿಸುವುದು ತೀರಿಕೊಂಡವರ ಗಾಡಿ. ಹಗರಿಬೊಮ್ಮನಹಳ್ಳಿಯಲ್ಲೋ ಹಡಗಲಿಯಲ್ಲೋ ಅಪ್ಪ ಒಬ್ಬರೇ ಇದ್ದರು, ಮಕ್ಕಳು ಹೊರದೇಶದಲ್ಲಿ. ಅಪ್ಪ ಹೋದ ಮೇಲೆ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತದೆ. ತಿಥಿಗೆ ಬಂದ ಮಕ್ಕಳು ಅದನ್ನು ಪರಿಚಯದವರಿಗೆ ಕೊಟ್ಟು ವಿಮಾನ ಹತ್ತಿದರೆ, ಆರ್‌ಸಿಯಲ್ಲಿ ಉಳಿಯುವುದು ಅಪ್ಪನ ಹೆಸರೇ. ಕಾಯ್ದೆ ಕೇಳುವ ಕ್ರಮ ಬೇರೆ. ಸಾವಿನ ವಿಷಯವನ್ನು 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು, ಮಾರಾಟ ಆಮೇಲೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು ಬೇಕಾಗುತ್ತವೆ. ಹೊರದೇಶದ ಮಗ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಅಧಿಕಾರಪತ್ರ ಕಳಿಸಿದರೆ, ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆರ್‌ಸಿಯಲ್ಲೇ ನಾಮಿನಿ ಹೆಸರು ಬರೆಸಲು 2021ರಿಂದ ಅವಕಾಶವಿದೆ. ಬ್ಯಾಂಕಿನ ಪಾಸ್‌ಬುಕ್ಕಿಗೆ ನಾಮಿನಿ ಬರೆಸುವವರಿಗೂ ಇದು ನೆನಪಾಗುವುದಿಲ್ಲ.

ಹಳೆ ಕಾರಿನ ವ್ಯಾಪಾರಿಗಳಿಗೆ ಕೊಡುವವರಿಗೆ ಈಚೆಗೆ ಒಂದು ಅನುಕೂಲವಾಗಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಅಂಥ ವ್ಯಾಪಾರಿ ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದಿರಬೇಕು. ಕಾರನ್ನು ಆತನ ವಶಕ್ಕೆ ಕೊಟ್ಟ ದಿನವೇ ಫಾರಂ 29ಸಿ ಮೂಲಕ ಜಾಲತಾಣದಲ್ಲಿ ತಿಳಿಸಿದರೆ, ಕಾರು ಮಾರಾಟವಾಗುವವರೆಗಿನ ಹೊಣೆ ಅವನದು. ಆದ್ದರಿಂದ ಅಂಗಡಿಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದದ್ದು ಆ ಅಧಿಕಾರಪತ್ರ ಇದೆಯೇ ಎಂದು. ವಿಮೆಯ ವಿಷಯ ಹೀಗಿದೆ: ಗಾಡಿಯ ಜೊತೆ ಮೂರನೆಯವರಿಗೆ ಸಂಬಂಧಿಸಿದ ವಿಮೆ ತಾನಾಗಿ ಹೊಸ ಮಾಲೀಕರಿಗೆ ದಾಟಿದಂತೆ 157ನೇ ಸೆಕ್ಷನ್ ಭಾವಿಸುತ್ತದೆ, ಆದರೆ ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಾಯಿಸಬೇಕು. ಇಲ್ಲದಿದ್ದರೆ ಸ್ವಂತ ಕಾರು ಜಖಂ ಆದಾಗ ಪಾಲಿಸಿಯಲ್ಲಿರುವುದು ಹಳೆಯವರ ಹೆಸರು, ದುರಸ್ತಿ ಬಿಲ್ಲಿನಲ್ಲಿರುವುದು ಹೊಸಬರ ಹೆಸರು.

ಊರಿನ ಪರಿಚಯಸ್ಥರಿಗೇ ಮಾರುವವರು ಕನಿಷ್ಠ ಇಷ್ಟಾದರೂ ಮಾಡಬಹುದು: ಫಾರಂಗಳನ್ನು ಪೂರ್ತಿ ತುಂಬಿದ ಮೇಲೆ, ಕೊಳ್ಳುವವರ ಹೆಸರು, ವಿಳಾಸ, ತಾರೀಖು ಬರೆದ ಮೇಲೆ ಮಾತ್ರ ಸಹಿ ಹಾಕುವುದು, ಕೊಳ್ಳುವವರ ಆಧಾರ್ ಪ್ರತಿ ಇಟ್ಟುಕೊಳ್ಳುವುದು, ಕಾರು ಒಪ್ಪಿಸಿದ ದಿನದ ಜೊತೆಗೆ ಗಂಟೆಯನ್ನೂ ಬರೆಯುವುದು. ಕೊನೆಯ ಕಂತಿನ ಹಣ ಹೆಸರು ಬದಲಾದ ಮೇಲೆಯೇ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡರೆ ಮುಂದಿನ ವಾರದ ಮಾತು ಬಹುಬೇಗ ನಿಜವಾಗುತ್ತದೆ. ಮತ್ತೆ, ಫಾರಂ 29ನ್ನು ಎರಡು ಪ್ರತಿಯಲ್ಲಿ ಕೊಡಬೇಕೆಂದು ನಿಯಮವೇ ಹೇಳುವಾಗ ಮೂರನೆಯದೊಂದನ್ನು ಮಾಡಿಸಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದು ಮನೆಯ ಬೀರುವಿನಲ್ಲಿ ಇಡಲು ಜೆರಾಕ್ಸ್ ಅಂಗಡಿಯವನು ಕೇಳುವುದು ಒಂದೆರಡು ರೂಪಾಯಿ.